ಇಳಿಯುವಾಗ ಹಾಲು

ವಿಮಾನದಲ್ಲಿ ಮಗು ಅತ್ತರೆ ತಿರುಗಿ ನೋಡುವವರ ಪಂಗಡಕ್ಕೆ ಸೇರಿದವನು ನಾನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಿರುಗಿ ನೋಡುವುದೆಂದರೆ ಬರೀ ನೋಡುವುದಲ್ಲ, ಅದಕ್ಕೊಂದು ಕ್ರಮವಿದೆ. ಮೊದಲು ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಡಬೇಕು. ಆಮೇಲೆ ಕುತ್ತಿಗೆಯನ್ನು ನಿಧಾನವಾಗಿ ಹೊರಳಿಸಬೇಕು. ಮಗುವನ್ನು ನೋಡಬಾರದು, ಮಗುವನ್ನು ಎತ್ತಿಕೊಂಡವರನ್ನು ನೋಡಬೇಕು. ಅಷ್ಟಾದ ಮೇಲೆ ಒಂದು ಮಾತೂ ಆಡದೆ ಮುಖವನ್ನು ಮುಂದಕ್ಕೆ ತಿರುಗಿಸಿಕೊಳ್ಳಬೇಕು. ನಾನು ಜೀವಮಾನದಲ್ಲಿ ಅದುವರೆಗೆ ವಿಮಾನ ಹತ್ತಿದ್ದು ನಾಲ್ಕೇ ಸಲ. ನಾಲ್ಕು ಸಲವೂ ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದ್ದೆ. ಐದನೆಯ ಸಲ ಕುತ್ತಿಗೆಗಳೆಲ್ಲ ಹೊರಳಿದ್ದು ನನ್ನ ಕಡೆಗೆ.

ಒಂದು ವಿಚಿತ್ರ ನೋಡಿ. ನಮ್ಮ ಮುಂಬಯಿಯ ಲೋಕಲ್ ರೈಲಿನಲ್ಲಿ ಮಗು ಅತ್ತರೆ ಯಾರೂ ಹೀಗೆ ನೋಡುವುದಿಲ್ಲ. ಅಂಧೇರಿಯಲ್ಲಿ ತಾಯಿಯೊಬ್ಬಳು ಕೂಸನ್ನು ಎತ್ತಿಕೊಂಡು ಡಬ್ಬಿಯೊಳಗೆ ನುಗ್ಗುತ್ತಾಳೆ. ಕೂತವರಲ್ಲಿ ಯಾರೋ ಕೈ ಚಾಚುತ್ತಾರೆ, ಕೂಸು ಅವರ ಮಡಿಲಿಗೆ ಹೋಗುತ್ತದೆ. ಅಲ್ಲಿಂದ ಪಕ್ಕದ ಮಡಿಲಿಗೆ, ಅಲ್ಲಿಂದ ಕಿಟಕಿಯ ಪಕ್ಕದವರಿಗೆ. ಬೊರಿವಲಿ ಬರುವ ಹೊತ್ತಿಗೆ ಅದರ ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದು ಕೈಯಲ್ಲಿ ಯಾರದೋ ಬೀಗದ ಕೈ ಗೊಂಚಲು. ರೈಲಿನ ಮಗು ಇಡೀ ಡಬ್ಬಿಗೆ ಸೇರಿದ್ದು. ವಿಮಾನದ ಮಗು ಟಿಕೆಟ್ ತೆಗೆದವನಿಗೆ ಮಾತ್ರ ಸೇರಿದ್ದು. ನೆಲದಿಂದ ಮೇಲೇರಿದಷ್ಟೂ ಮನುಷ್ಯರಿಗೆ ಬಂಧುತ್ವ ಕಡಿಮೆಯಾಗುತ್ತದೋ ಏನೋ, ಬಲ್ಲವರು ಹೇಳಬೇಕು.

ಪುರಾಣಗಳಲ್ಲಿ ವಿಮಾನಗಳಿಗೆ ಕೊರತೆಯಿಲ್ಲ. ದೇವತೆಗಳು ಹೂಮಳೆ ಸುರಿಸಲು ಬರುವುದೇ ವಿಮಾನದಲ್ಲಿ. ಬಾಲ್ಯದಲ್ಲಿ ಯಕ್ಷಗಾನದ ಅರ್ಥಧಾರಿಗಳ ಬಾಯಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಆದರೆ ಯಾವ ದೇವತೆಯೂ ಕಂಕುಳಲ್ಲಿ ಕೂಸನ್ನು ಕಟ್ಟಿಕೊಂಡು ಬಂದದ್ದನ್ನು ಯಾರೂ ವರ್ಣಿಸಿದ್ದು ನೆನಪಿಲ್ಲ. ಬಂದಿದ್ದರೆ ಮೇಲಿನಿಂದ ಸುರಿಯುತ್ತಿದ್ದದ್ದು ಹೂವಾಗಿರುತ್ತಿರಲಿಲ್ಲ. ಹೀಗಾಗಿ ಈ ವಿಷಯದಲ್ಲಿ ಪೂರ್ವಿಕರಿಂದ ನಮಗೆ ಯಾವ ಮಾರ್ಗದರ್ಶನವೂ ಇಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಅಂಧೇರಿ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಸಪ್ಲೈಯರ್ ಆಗಿ ಸೇರಿದೆ, ಮ್ಯಾನೇಜರ್ ಆಗಿ ನಿವೃತ್ತನಾದೆ. ನಮ್ಮ ಹೋಟೆಲಿನ ನೆತ್ತಿಯ ಮೇಲೆಯೇ ವಿಮಾನಗಳು ಹಾರುತ್ತಿದ್ದವು. ಆ ಸದ್ದಿಗೆ ಗಿರಾಕಿ ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದ, ಸದ್ದು ದಾಟಿದ ಮೇಲೆ "ಮಸಾಲ್ ದೋಸೆ" ಎನ್ನುತ್ತಿದ್ದ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಈಗ ಮಲಾಡಿನಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಇದ್ದೇನೆ. ದೊಡ್ಡವಳು ನಿಹಾ, ಐದು ವರ್ಷ. ಚಿಕ್ಕವನು ಧೀರಜ, ಒಂದೂವರೆ ವರ್ಷ. ಧೀರಜ ಎಂದರೆ ತಾಳ್ಮೆ. ಹೆಸರಿಡುವಾಗ ನಮಗೆ ಅವನ ಪರಿಚಯವಿರಲಿಲ್ಲ.

ಈಗ ಫ್ರಿಜ್ಜಿನ ಬಾಗಿಲಿನ ಮೇಲಿದ್ದ ಒಂದು ಕಾಗದದ ವಿಷಯ ಹೇಳಬೇಕು. ಸೊಸೆ ಸುಚಿತ್ರಾ ಧೀರಜ ಹುಟ್ಟಿದಾಗ ಕೆಲಸ ಬಿಟ್ಟವಳು, ಜೂನ್‌ನಿಂದ ಮತ್ತೆ ಆಫೀಸಿಗೆ ಹೋಗುವವಳಿದ್ದಳು. ಮಕ್ಕಳನ್ನು ಮುಂದಿನ ಗಲ್ಲಿಯ ಡೇ ಕೇರ್‌ನಲ್ಲಿ ಬಿಡುವುದು ಎಂದು ಅವಳೂ ನನ್ನ ಮಗನೂ ಮಾತಾಡಿಕೊಂಡಿದ್ದರು. ಅದರ ಫಾರಂ ಒಂದು ಮ್ಯಾಗ್ನೆಟ್ಟಿನಡಿ ನೇತಾಡುತ್ತಿತ್ತು. ತುಂಬಿ ಆಗಿತ್ತು, ಸಹಿ ಆಗಿರಲಿಲ್ಲ. ನಾನು ದಿನಕ್ಕೆ ಹತ್ತು ಸಲ ನೀರು ಕುಡಿಯುವ ನೆಪದಲ್ಲಿ ಅದರ ಮುಂದೆ ನಿಲ್ಲುತ್ತಿದ್ದೆ. ಒಂದು ದಿನ ತಡೆಯಲಾರದೆ, "ನಾನು ಮನೆಯಲ್ಲೇ ಇದ್ದೇನಲ್ಲ, ನಾನೇ ನೋಡಿಕೊಳ್ತೇನೆ" ಅಂದೆ.

"ನಿಮಗೆ ಸುಸ್ತಾಗ್ತದೆ ಮಾವ" ಅಂದಳು.

ಇದರ ಅರ್ಥ ನನಗೆ ಗೊತ್ತಾಗದೆ ಇರುತ್ತದೆಯೇ? ಗಿರಾಕಿ ಸಾಂಬಾರನ್ನು ಅರ್ಧಕ್ಕೆ ಬಿಟ್ಟು "ಹೊಟ್ಟೆ ತುಂಬಿತು" ಅನ್ನುವಾಗ ಸಾಂಬಾರಿನಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಎಂದೇ ಅರ್ಥ. ಅವಳಿಗೆ ನನ್ನ ಸುಸ್ತಿನ ಚಿಂತೆಯಿರಲಿಲ್ಲ. ನನ್ನ ಮೇಲೆ ಭರವಸೆಯಿರಲಿಲ್ಲ. ಅದಕ್ಕೆ ನಾನು ಅವಳನ್ನು ದೂರುವುದೂ ಇಲ್ಲ. ಯಾಕೆಂದರೆ ನಾನು ಮಗು ಸಾಕಿದವನಲ್ಲ. ನನ್ನ ಮಗ ಚಿಕ್ಕವನಿದ್ದಾಗ ಅವನು ಏಳುವ ಮೊದಲು ನಾನು ಹೋಟೆಲಿಗೆ ಹೋಗುತ್ತಿದ್ದೆ, ಅವನು ಮಲಗಿದ ಮೇಲೆ ಬರುತ್ತಿದ್ದೆ. ಅವನ ಮೊದಲ ಹೆಜ್ಜೆ, ಮೊದಲ ಹಲ್ಲು, ಮೊದಲ ಸುಳ್ಳು ಎಲ್ಲವನ್ನೂ ಹೆಂಡತಿಯ ಬಾಯಿಂದ ಕೇಳಿದವನು ನಾನು. ಊರಿನವರ ಮಕ್ಕಳಿಗೆಲ್ಲ ಇಡ್ಲಿ ತಿನ್ನಿಸಿದೆ, ನನ್ನ ಮಗನಿಗೆ ಒಂದು ತುತ್ತು ಕೊಟ್ಟ ನೆನಪಿಲ್ಲ. ಇದು ನನ್ನ ಮನಸ್ಸಿನಲ್ಲಿ ಇಷ್ಟು ವರ್ಷವೂ ಇತ್ತು. ಈ ಎರಡು ಮಕ್ಕಳು ಡೇ ಕೇರ್‌ಗೆ ಹೋಗಕೂಡದು, ನನ್ನ ಹತ್ತಿರವೇ ಬೆಳೆಯಬೇಕು ಎಂದು ಆ ಫ್ರಿಜ್ಜಿನ ಮುಂದೆ ನಿಂತು ಹಠ ತೊಟ್ಟೆ. ಹಠ ಮಕ್ಕಳ ಸೊತ್ತು ಎಂದು ಯಾರು ಹೇಳಿದರೋ, ಅವರು ಅರವತ್ತು ದಾಟಿದವರನ್ನು ನೋಡಿರಲಿಕ್ಕಿಲ್ಲ.

ಅವಕಾಶ ತಾನಾಗಿ ಬಂತು. ಸುಚಿತ್ರಾಳ ತಾಯಿಗೆ ಮಂಗಳೂರಿನಲ್ಲಿ ಮೊಣಕಾಲಿನ ಆಪರೇಷನ್. ಆಸ್ಪತ್ರೆಗೆ ಕೂಸನ್ನು ಕರೆದೊಯ್ಯುವಂತಿಲ್ಲ ಎಂದು ಅವಳೊಬ್ಬಳೇ ಮುಂಚೆ ಹೋದಳು. ನಾಲ್ಕು ದಿನ ಬಿಟ್ಟು, ತಾಯಿ ಮನೆಗೆ ಬಂದ ಮೇಲೆ, ನನ್ನ ಮಗ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗುವುದೆಂದು ಟಿಕೆಟ್ ಆಗಿತ್ತು. ಮಗ ಅಂಧೇರಿಯಲ್ಲಿ ಟಿ.ವಿ. ಸೀರಿಯಲ್‌ಗಳ ಎಡಿಟರ್. ಹೊರಡುವ ಹಿಂದಿನ ದಿನ ಅವನ ಸೀರಿಯಲ್ಲಿನ ಅತ್ತೆಯ ಪಾತ್ರಧಾರಿ ಕೆಲಸ ಬಿಟ್ಟಳು. ಅತ್ತೆ ಇಲ್ಲದಂತೆ ಮೂರು ಎಪಿಸೋಡುಗಳನ್ನು ಮತ್ತೆ ಕತ್ತರಿಸಿ ಜೋಡಿಸುವ ಕೆಲಸ ಅವನ ತಲೆಯ ಮೇಲೆ ಬಿತ್ತು.

"ಟಿಕೆಟ್ ನನ್ನ ಹೆಸರಿಗೆ ಮಾಡು. ನಾನು ಕರ್ಕೊಂಡು ಹೋಗ್ತೇನೆ" ಅಂದೆ. ಮಗ ಟಿಕೆಟ್ ಬದಲಿಸಿದ. ಬೇರೆ ದಾರಿ ಇರಲಿಲ್ಲ ಪಾಪ.

ಅರ್ಧ ಗಂಟೆಯಲ್ಲಿ ಸುಚಿತ್ರಾಳ ಫೋನು ಬಂತು. ಅವಳು ಬೇಡವೆನ್ನಲಿಲ್ಲ, ಅದು ಅವಳ ದೊಡ್ಡತನ. ಬದಲಿಗೆ ಸೂಚನೆಗಳನ್ನು ಹೇಳತೊಡಗಿದಳು. ಧೀರಜನ ಟೋಪಿ ಯಾವ ಜೇಬಿನಲ್ಲಿ, ನಿಹಾಳನ್ನು ಟಾಯ್ಲೆಟ್ಟಿಗೆ ಯಾವಾಗ ಕಳಿಸಬೇಕು, ಒರೆಸುವ ಬಟ್ಟೆ ಎಷ್ಟು. ಹೀಗೆ ಹದಿನಾಲ್ಕು. ಅದರಲ್ಲಿ ಆರನೆಯದು, "ಹಾಲಿನ ಬಾಟ್ಲಿ ಇಳಿಯುವಾಗ ಕೊಡಿ ಮಾವ. ಅದಕ್ಕೆ ಮೊದ್ಲು ಎರಡು ಗಂಟೆ ಏನೂ ಕೊಡ್ಬೇಡಿ" ಎಂಬುದು. ಎಲ್ಲ ಹೇಳಿ ಮುಗಿಸಿ, "ಒಮ್ಮೆ ಹೇಳಿ ನೋಡುವ, ಎಂತೆಂತ ಹೇಳಿದೆ ನಾನು?" ಅಂದಳು.

ನಾನು ನಕ್ಕುಬಿಟ್ಟೆ. "ಹನ್ನೆರಡು ಟೇಬಲ್ಲಿನ ಆರ್ಡರ್ ತಲೆಯಲ್ಲಿ ಇಟ್ಟುಕೊಂಡವ ನಾನು. ನೀನು ನಿಶ್ಚಿಂತೆಯಿಂದ ಇರು ಮಗಳೇ" ಎಂದು ಫೋನಿಟ್ಟೆ.

ಇಲ್ಲಿ ನನ್ನ ಕಸುಬಿನ ಒಂದು ನಿಯಮವನ್ನು ಹೇಳಲೇಬೇಕು. ನಮ್ಮಲ್ಲಿ ಹೊಸದಾಗಿ ಸೇರಿದ ಸಪ್ಲೈಯರ್‌ಗೆ ಮೊದಲ ದಿನ ಕಲಿಸುವುದು ಲೋಟ ಹಿಡಿಯುವುದನ್ನಲ್ಲ, ಆರ್ಡರನ್ನು ಗಿರಾಕಿಗೆ ಮರಳಿ ಒಪ್ಪಿಸುವುದನ್ನು. ಗಿರಾಕಿ ಎರಡು ಇಡ್ಲಿ, ಒಂದು ವಡೆ, ಚಟ್ನಿ ಬೇರೆ ಎಂದರೆ, ನೀನೂ ಅವನೆದುರು ನಿಂತು ಎರಡು ಇಡ್ಲಿ, ಒಂದು ವಡೆ, ಚಟ್ನಿ ಬೇರೆ ಎನ್ನಬೇಕು. ಆಮೇಲೆಯೇ ಒಳಗೆ ಹೋಗಬೇಕು. ಹೇಳದೆ ಹೋದವರನ್ನು ನಾನು ಗಲ್ಲಾದಿಂದಲೇ ಕರೆದು ಎಲ್ಲರ ಮುಂದೆ ಬೈದದ್ದುಂಟು. ಅಂಥವನು ನಾನು, ಸೊಸೆ ಕೇಳಿದಾಗ ಮರಳಿ ಹೇಳದೆ ಫೋನಿಟ್ಟೆ. ಎಲ್ಲರ ಮನೆ ದೋಸೆಯೂ ತೂತೇ ನಿಜ, ಆದರೆ ದೋಸೆ ಹುಯ್ಯುವವನ ಮನೆಯ ದೋಸೆಯ ತೂತು ಸ್ವಲ್ಪ ದೊಡ್ಡದು.

ಹಾಗೆಂದು ಮರೆತೆ ಎಂದು ತಿಳಿಯಬೇಡಿ. ಹದಿನಾಲ್ಕೂ ನೆನಪಿತ್ತು. ಆರನೆಯದನ್ನು ಮಾತ್ರ ನಾನು ಒಪ್ಪಿರಲಿಲ್ಲ. ಎರಡು ಗಂಟೆ ಮಗುವನ್ನು ಹಸಿವಿನಲ್ಲಿಡುವುದೇ? ಮೂವತ್ತನಾಲ್ಕು ವರ್ಷ ಹೋಟೆಲಿನಲ್ಲಿ ನಿಂತು ನಾನು ಕಂಡುಕೊಂಡ ವೇದಾಂತ ಒಂದೇ: ಹೊಟ್ಟೆ ತುಂಬಿದವನು ಜಗಳವಾಡುವುದಿಲ್ಲ. ಲೋಕಲ್ ತಪ್ಪಿಸಿಕೊಂಡು, ಬಾಸ್ ಕೈಲಿ ಬೈಸಿಕೊಂಡು, ಕೆಂಡದಂತೆ ಒಳಗೆ ಬಂದವರು ಒಂದು ಪ್ಲೇಟ್ ಉಪ್ಪಿಟ್ಟಿನ ನಂತರ ಹಸುವಿನಂತೆ ಹೊರಗೆ ಹೋದದ್ದನ್ನು ನೋಡಿದವನು ನಾನು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನ್ನ ಪ್ರಕಾರ ಅದರ ಮೊದಲರ್ಧ ಸಾಕು, ಉಳಿದರ್ಧ ತಾನಾಗಿ ಬರುತ್ತದೆ.

ಹಾಗಾಗಿ ಮರುದಿನ ಬೆಳಗ್ಗೆ ಎದ್ದವನೇ ನೀರುದೋಸೆ ಹುಯ್ದೆ, ಕಾಯಿಬೆಲ್ಲ ಕಲಸಿದೆ, ನಾಲ್ಕು ಬನ್ಸ್ ಕರಿದೆ, ಬಾಳೆಹಣ್ಣು ಇಟ್ಟುಕೊಂಡೆ. ಮಗ ಟ್ಯಾಕ್ಸಿಯಲ್ಲಿ ಏರ್‌ಪೋರ್ಟಿನ ಬಾಗಿಲಿಗೆ ಬಿಟ್ಟ. ಎದೆಯ ಮೇಲೆ ಧೀರಜನನ್ನು ಕಟ್ಟಿಕೊಂಡು, ಬೆನ್ನಿಗೆ ಚೀಲ, ಬಲಗೈಯಲ್ಲಿ ನಿಹಾ, ಎಡಗೈಯಲ್ಲಿ ಟಿಫಿನ್ ಡಬ್ಬಿ. ಒಂದೇ ಕೈಯಲ್ಲಿ ಎಂಟು ಪ್ಲೇಟು ಒಯ್ದವನಿಗೆ ಇದೇನು ಮಹಾ ಎಂದು ನಡೆದೆ. ಸೆಕ್ಯೂರಿಟಿಯಲ್ಲಿ ಡಬ್ಬಿ ತೆರೆಸಿದರು. ಹಳದಿ ಬಣ್ಣದ ದುಂಡನೆಯ ಬನ್ಸನ್ನು ನೋಡಿ ಆ ಅಧಿಕಾರಿ, "ಯೇ ಕ್ಯಾ ಹೈ?" ಎಂದ. ಬಾಳೆಹಣ್ಣಿನ ಪೂರಿ ಎಂದು ವಿವರಿಸಿ, ಅಭ್ಯಾಸಬಲದಿಂದ "ಏಕ್ ಲೀಜಿಯೇ ಸಾಬ್, ಗರಂ ಹೈ" ಎಂದೆ. ಆತ ತೆಗೆದುಕೊಳ್ಳಲಿಲ್ಲ, ಆದರೆ ಡಬ್ಬಿಯ ಮುಚ್ಚಳವನ್ನು ಬಹಳ ಮರ್ಯಾದೆಯಿಂದ ಮುಚ್ಚಿಕೊಟ್ಟ.

ಒಳಗೆ ಕುರ್ಚಿ ಹಿಡಿದು ಕುಳಿತು ಇಬ್ಬರಿಗೂ ಬಡಿಸಿದೆ. ನಿಹಾ ಒಂದು ದೋಸೆ ತಿಂದು "ಬಸ್ ಅಜ್ಜ, ಪೇಟ್ ಫುಲ್" ಎಂದಳು. ಧೀರಜ ಮಾತಾಡಲಾರ. ಮಾತಾಡಲಾರದ ಗಿರಾಕಿಯನ್ನು ಸಾಕೇ ಎಂದು ಕೇಳುವುದು ಹೇಗೆ? ಎರಡು ನೀರುದೋಸೆ, ಒಂದು ಬನ್ಸ್, ಅರ್ಧ ಬಾಳೆಹಣ್ಣು ಅವನ ಹೊಟ್ಟೆಗೆ ಹೋಯಿತು. ವಿಮಾನದೊಳಗೆ ಹೋಗಿ ಕುಳಿತಾಗ ಅವನು ತಾಂಬೂಲ ಹಾಕಿಕೊಂಡ ಯಜಮಾನನಂತೆ ನನ್ನ ತೊಡೆಯ ಮೇಲೆ ಒರಗಿದ್ದ.

ನಿಹಾ ಕಿಟಕಿಗೆ, ನಡುವೆ ನಾವಿಬ್ಬರು, ಆಚೆ ಬದಿಗೆ ಲ್ಯಾಪ್‌ಟಾಪ್ ಹಿಡಿದ ಒಬ್ಬ ಮಹಾಶಯ. ನಮ್ಮನ್ನು ನೋಡಿದ ಕೂಡಲೇ ಆತ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟ. ಓಹೋ, ನಮ್ಮವನೇ ಎಂದುಕೊಂಡೆ. ಪಂಗಡದ ಕ್ರಮ ನನಗೆ ತಿಳಿಯದೇ?

ವಿಮಾನ ಹೊರಟಿತು, ಸ್ವಲ್ಪ ದೂರ ಹೋಗಿ ನಿಂತಿತು. ಮುಂದೆ ಏಳು ವಿಮಾನಗಳ ಸಾಲಿದೆಯಂತೆ. ಈ ಮುಂಬಯಿಯಲ್ಲಿ ಆಕಾಶಕ್ಕೆ ಹೋಗಲಿಕ್ಕೂ ಕ್ಯೂ. ಮುಕ್ಕಾಲು ಗಂಟೆ ಅಲ್ಲೇ ನಿಂತೆವು. ತೊಡೆಯ ಮೇಲಿನ ಯಜಮಾನನಿಗೆ ತಾಳ್ಮೆ ಮುಗಿಯಿತು. ಮೊದಲು ನನ್ನ ಕನ್ನಡಕ ಕಿತ್ತ, ಆಮೇಲೆ ಮುಂದಿನ ಸೀಟಿನವರ ಜಡೆ ಹಿಡಿದ, ಕೊನೆಗೆ ಬಾಯಿ ತೆರೆದ. ಲ್ಯಾಪ್‌ಟಾಪ್ ಮಹಾಶಯನ ಕುತ್ತಿಗೆ ನಿಧಾನವಾಗಿ ಹೊರಳುವುದು ಕಂಡಿತು. ನನಗೆ ಮಾನ ಹೋದಂತಾಯಿತು. ಚೀಲಕ್ಕೆ ಕೈ ಹಾಕಿ ಹಾಲಿನ ಬಾಟಲಿಯನ್ನು ತೆಗೆದು ಅವನ ಬಾಯಿಗಿಟ್ಟುಬಿಟ್ಟೆ. "ಅಜ್ಜ, ಮಮ್ಮಾ ಬೋಲಿ ಥೀ, ಅದು ಆಮೇಲೆ ಕೊಡೋದು" ಎಂದು ನಿಹಾ ಎಚ್ಚರಿಸಿದಳು. "ಅಮ್ಮ ಇಲ್ಲಿಲ್ಲವಲ್ಲ ಮಗಾ" ಎಂದೆ. ಧೀರಜ ಕೊನೆಯ ಹನಿಯವರೆಗೂ ಕುಡಿದ. ವಿಮಾನ ಮೇಲೇರಿತು, ಅವನು ನಿದ್ದೆ ಹೋದ.

ಆಮೇಲಿನ ಒಂದು ಗಂಟೆಯಷ್ಟು ಸೊಗಸಾದ ಗಂಟೆ ನನ್ನ ಆಯುಷ್ಯದಲ್ಲಿ ಬಂದದ್ದು ಕಡಿಮೆ. ಕೆಳಗೆ ಮೋಡ, ಮಡಿಲಲ್ಲಿ ಬೆಚ್ಚನೆಯ ಮಗು, ಪಕ್ಕದಲ್ಲಿ ಚಿತ್ರ ಬಿಡಿಸುತ್ತಿರುವ ಮೊಮ್ಮಗಳು. ಮನಸ್ಸಿನಲ್ಲೇ ನಾನು ಮಲಾಡಿಗೆ ಹೋಗಿ ಫ್ರಿಜ್ಜಿನ ಮೇಲಿನ ಫಾರಂ ಕಿತ್ತು, ಮಡಚಿ, ಕಸದ ಡಬ್ಬಿಗೆ ಹಾಕಿ ಬಂದೆ. ಸುಚಿತ್ರಾಳಿಗೆ ಹೇಳಬೇಕಾದ ಮಾತನ್ನೂ ಸಿದ್ಧಮಾಡಿದೆ. ಬಹಳ ವಿನಯದ ಮಾತು, ಆದರೆ ಒಳಗೆ ಸ್ವಲ್ಪ ಮೆಣಸು ಇತ್ತು.

ಕ್ಯಾಪ್ಟನ್ ಏನೋ ಗೊಣಗಿದ. ವಿಮಾನ ಮೂಗು ತಗ್ಗಿಸಿತು. ನನ್ನ ಕಿವಿಯಲ್ಲಿ ಹತ್ತಿ ತುರುಕಿದಂತಾಯಿತು. ಅದೇ ಹೊತ್ತಿಗೆ ಧೀರಜ ಕಣ್ಣು ಬಿಟ್ಟ, ಎರಡೂ ಕೈಗಳಿಂದ ಕಿವಿ ಹಿಡಿದುಕೊಂಡ, ಕಿರುಚಿದ.

ಹಠದ ಅಳು, ಹಸಿವಿನ ಅಳು, ನಿದ್ದೆಯ ಅಳು ಎಲ್ಲವನ್ನೂ ಆ ನಾಲ್ಕು ದಿನಗಳಲ್ಲಿ ಕೇಳಿದ್ದೆ. ಇದು ಬೇರೆ. ಇದು ನೋವು. ಅವನ ಮುಖ ಕೆಂಪಾಗಿ ಆಮೇಲೆ ನೀಲಿಯಾಯಿತು. ಮುಂದಿನ ಸಾಲಿನ ಕುತ್ತಿಗೆಗಳು ಹೊರಳಿದವು, ಪಕ್ಕದ ಸಾಲಿನವು ಹೊರಳಿದವು. ನನಗೆ ಯಾವ ಕುತ್ತಿಗೆಯೂ ಲೆಕ್ಕಕ್ಕೆ ಬರಲಿಲ್ಲ. ಮುಂದಿನ ಬಾಗಿಲ ಬಳಿ ತನ್ನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕುಳಿತಿದ್ದ ಗಗನಸಖಿ ಕೂಗಿ ಹೇಳಿದಳು: "ಅಂಕಲ್, ಬೇಬಿ ಕೋ ಕುಛ್ ಪಿಲಾಯಿಯೇ! ನಿಗಲೇಗಾ ತೋ ಕಾನ್ ಖುಲೇಗಾ!"

ಕುಡಿಸಬೇಕು, ನುಂಗಿದರೆ ಕಿವಿ ತೆರೆಯುತ್ತದೆ. ಆರನೆಯ ಸೂಚನೆ ಆಗ ನನಗೆ ಅರ್ಥವಾಯಿತು. ಅವಳು ಮಗುವನ್ನು ಹಸಿವಿನಲ್ಲಿಡಲು ಹೇಳಿರಲಿಲ್ಲ, ಈ ಇಪ್ಪತ್ತು ನಿಮಿಷಕ್ಕೆಂದು ಅವನ ಹಸಿವನ್ನು ಜೋಪಾನ ಮಾಡಲು ಹೇಳಿದ್ದಳು. ನಾನು ಅದನ್ನು ಬನ್ಸಿನಿಂದ ಮುಗಿಸಿದ್ದೆ, ಉಳಿದದ್ದನ್ನು ಹಾಲಿನಿಂದ ತೊಳೆದಿದ್ದೆ.

ನೀರಿನ ಬಾಟಲಿ ತೆಗೆದು ತುಟಿಗೆ ಹಿಡಿದೆ. ತುಟಿ ಬಿಗಿದುಕೊಂಡ. ಚಮಚದಲ್ಲಿ ಕೊಟ್ಟೆ, ತಟ್ಟಿಬಿಟ್ಟ. ಕಾಯಿಬೆಲ್ಲ ಬೆರಳಿಗೆ ಮೆತ್ತಿ ನೆಕ್ಕಿಸಲು ನೋಡಿದೆ, ಮುಖ ತಿರುಗಿಸಿದ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು. ಗಾದೆಗಳು ಎಷ್ಟು ನಿಜ ಎಂಬುದು ನಮಗೆ ತಿಳಿಯುವುದು ಅವು ನಮ್ಮ ಕೈ ಕಚ್ಚುವಾಗಲೇ. ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಫಾರಂ, ಹಠ, ಮೆಣಸಿನ ಮಾತು ಎಲ್ಲ ಮರೆತುಹೋಗಿತ್ತು. ಇವನು ಒಂದು ಗುಟುಕು ನುಂಗಬೇಕು, ಅಷ್ಟೇ. ನುಂಗಿಸದೆ ನಾನು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದೆ.

ಹಸಿವಿಲ್ಲದವನಿಗೆ ತಿನ್ನಿಸುವುದು ಹೇಗೆ? ಹೋಟೆಲಿನವನಿಗೆ ಇದು ಗೊತ್ತಿರಬೇಕಾದ ವಿದ್ಯೆ. ಬರೀ ಕಾಫಿಗೆಂದು ಬಂದು ಕುಳಿತವನೂ ಪಕ್ಕದ ಟೇಬಲ್ಲಿಗೆ ಘಮಘಮ ಎನ್ನುತ್ತ ದೋಸೆ ಬಂದರೆ ಕತ್ತು ನೀಡಿ ನೋಡುತ್ತಾನೆ, ಆಮೇಲೆ "ನನಗೂ ಅದೇ" ಎನ್ನುತ್ತಾನೆ. ಅರ್ಧ ವ್ಯಾಪಾರ ನಡೆಯುವುದು ಹಸಿವಿನಿಂದಲ್ಲ, ಪಕ್ಕದ ಟೇಬಲ್ಲಿನಿಂದ. ನಾನು ಧೀರಜನನ್ನು ಬಿಟ್ಟು ನಿಹಾಳ ಕಡೆಗೆ ತಿರುಗಿದೆ. ನಾವು ಮನೆಯಲ್ಲಿ ಹೋಟೆಲಾಟ ಆಡುವುದುಂಟು. ಗಂಟಲು ಸರಿಮಾಡಿಕೊಂಡು, ನನ್ನ ಹಳೆಯ ಸಪ್ಲೈಯರ್ ದನಿಯಲ್ಲಿ ರಾಗವಾಗಿ ಕೇಳಿದೆ: "ಹಾಂ ಮೇಡಂ, ನಿಮಗೇನು ಕೊಡ್ಲಿ?"

ನಿಹಾ ಹೆದರಿ ಬಿಳಿಚಿದ್ದಳು. ಆದರೆ ಆಟವನ್ನು ಗುರುತು ಹಿಡಿದಳು. "ಏಕ್... ಒಂದು ಕಟಿಂಗ್" ಎಂದಳು ಸಣ್ಣ ದನಿಯಲ್ಲಿ. ಕಟಿಂಗ್ ಎಂದರೆ ನಮ್ಮ ಮುಂಬಯಿಯ ಅರ್ಧ ಲೋಟ ಚಹಾ.

"ಮೇಡಂಗೆ ಒಂದು ಕಟಿಂಗ್!" ಎಂದು ಇಡೀ ವಿಮಾನಕ್ಕೆ ಕೇಳುವಂತೆ ಕೂಗಿದೆ. ನೀರಿನ ಬಾಟಲಿಯ ಸ್ಟೀಲ್ ಮುಚ್ಚಳಕ್ಕೆ ಎತ್ತರದಿಂದ ನೀರು ಹುಯ್ದು ಕೊಟ್ಟೆ. ಅವಳು ಸುರ್ರೆಂದು ಕುಡಿದು "ಮಸ್ತ್ ಹೈ" ಎಂದಳು. ಧೀರಜನ ಕಿರುಚಾಟ ಅರೆಕ್ಷಣ ತಡೆಯಿತು. ಮತ್ತೆ ಶುರುವಾಯಿತು. ಒಂದು ಟೇಬಲ್ ಸಾಲದು ಎಂದುಕೊಳ್ಳುವಷ್ಟರಲ್ಲಿ ನಿಹಾ ನನ್ನ ಮೇಲಿಂದ ಬಗ್ಗಿ ಲ್ಯಾಪ್‌ಟಾಪ್ ಮಹಾಶಯನನ್ನು ಕೇಳಿಯೇಬಿಟ್ಟಳು: "ಅಂಕಲ್, ಆಪ್‌ಕೋ ಕ್ಯಾ ಚಾಹಿಯೇ?"

ಆ ಮನುಷ್ಯ ನಿಹಾಳನ್ನು ನೋಡಿದ, ಕಿವಿ ಹಿಡಿದುಕೊಂಡ ಮಗುವನ್ನು ನೋಡಿದ, ನನ್ನ ಒದ್ದೆ ಕಣ್ಣನ್ನೂ ನೋಡಿರಬೇಕು. ತನ್ನ ಖಾಲಿ ಪೇಪರ್ ಕಪ್ಪನ್ನು ಮುಂದೆ ಚಾಚಿ, "ಏಕ್ ಕಟಿಂಗ್. ಕಡಕ್" ಎಂದ.

"ಸಾಬ್‌ಗೆ ಒಂದು ಕಟಿಂಗ್, ಕಡಕ್!" ಎಂದು ಕೂಗಿ ಹುಯ್ದೆ. ಆತ ಊದಿದ, ಸುರ್ರೆಂದ, "ಅದರಕ್ ಥೋಡಾ ಕಮ್ ಹೈ" ಎಂದು ಶುಂಠಿ ಕಡಿಮೆಯಾದದ್ದನ್ನು ದೂರಿದ. ಧೀರಜ ಬಿಕ್ಕುತ್ತ ಆ ಕಪ್ಪನ್ನು ನೋಡಿದ, ಅಕ್ಕನ ಕೈಯ ಮುಚ್ಚಳವನ್ನು ನೋಡಿದ. ನಾನು ಅವನ ಕಡೆ ನೋಡಲೇ ಇಲ್ಲ. ಗಿರಾಕಿಯ ಆಸೆಯನ್ನು ನೋಡಿಯೂ ನೋಡದಂತಿರಬೇಕು, ಅದು ನಮ್ಮ ಕಸುಬಿನ ಗುಟ್ಟು. ಅವನ ಕೈ ಚಾಚಿತು. ಮುಚ್ಚಳ ಕಿತ್ತುಕೊಂಡ. ಖಾಲಿ ಇತ್ತು, ನನ್ನ ಮುಂದೆ ಹಿಡಿದ.

ಅರ್ಧ ಮುಚ್ಚಳ ಹುಯ್ದೆ. ಕುಡಿದ. ಗಂಟಲು ಏರಿ ಇಳಿದದ್ದನ್ನು ಕಣ್ಣಾರೆ ಕಂಡೆ. ಮತ್ತೆ ಹಿಡಿದ, ಮತ್ತೆ ಹುಯ್ದೆ. ಒಂಬತ್ತು ಕಟಿಂಗ್ ಕುಡಿದ, ಅಂಗಿ ತುಂಬ ಚೆಲ್ಲಿಕೊಂಡ. ಕಿವಿಯ ಮೇಲಿನ ಕೈ ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಚಕ್ರಗಳು ನೆಲಕ್ಕೆ ತಾಗಿದಾಗ ಅವನು ಪೇಪರ್ ಕಪ್ಪನ್ನು ಜಗಿಯುತ್ತಿದ್ದ.

ಇಳಿಯುವಾಗ ಲ್ಯಾಪ್‌ಟಾಪ್ ಮಹಾಶಯ ಚೀಲ ಕೆಳಗಿಳಿಸಿಕೊಟ್ಟ. "ಮೇರಾ ಭೀ ಏಕ್ ಹೈ, ದೋ ಸಾಲ್ ಕಾ. ಆಜ್ ಪಾಂಚ್ ದಿನ್ ಕೇ ಬಾದ್ ದೇಖೂಂಗಾ" ಎಂದ. ಅವನಿಗೂ ಮನೆಯಲ್ಲಿ ಎರಡು ವರ್ಷದ ಮಗುವೊಂದಿತ್ತು, ಐದು ದಿನಗಳ ನಂತರ ಅವತ್ತು ನೋಡುವವನಿದ್ದ. ಕುತ್ತಿಗೆ ಹೊರಳಿಸುವವರ ಬಗ್ಗೆ ನಾನೂ ಸ್ವಲ್ಪ ಅವಸರದ ತೀರ್ಮಾನಕ್ಕೆ ಬಂದಿದ್ದೆ ಅನ್ನಿಸಿತು.

ಹೊರಗೆ ಸುಚಿತ್ರಾ ನಿಂತಿದ್ದಳು. ಧೀರಜ ಅವಳ ಮೇಲೆ ಹಾರಿಬಿದ್ದ. ಇಬ್ಬರನ್ನೂ ತಬ್ಬಿಕೊಂಡೇ ಅವಳು ಕಣ್ಣಲ್ಲಿ ತಪಾಸಣೆ ಮಾಡಿದಳು: ಕೈ, ಕಾಲು, ಮೂಗು, ಒದ್ದೆ ಅಂಗಿ. "ಹೇಗಾಯ್ತು ಮಾವ?"

ಚೆನ್ನಾಗಾಯಿತು ಎಂದುಬಿಡಬಹುದಿತ್ತು. ಸಾಕ್ಷಿಯೆಂದರೆ ನಿಹಾ ಒಬ್ಬಳು, ಅವಳ ಬಾಯಿಗೆ ಒಂದು ಐಸ್‌ಕ್ರೀಮ್ ಸಾಕಿತ್ತು. ಆ ಫಾರಂ ಕಣ್ಣ ಮುಂದೆ ಬಂತು, ಒಂದು ಸಾಲು ಸುಳ್ಳು ಹೇಳಿದರೆ ಅದು ಕಸದ ಡಬ್ಬಿಗೆ ಹೋಗುತ್ತಿತ್ತು. ಆದರೆ ಅವನು ಕಿವಿ ಹಿಡಿದುಕೊಂಡದ್ದೂ ಕಣ್ಣ ಮುಂದೆ ಇತ್ತು. "ಆರನೆಯದನ್ನು ನಾನು ಮಾಡ್ಲಿಲ್ಲ. ಹೊಟ್ಟೆ ತುಂಬ ತಿನ್ನಿಸಿದೆ, ಹಾಲನ್ನೂ ಮೊದಲೇ ಕೊಟ್ಟೆ. ಇಳಿಯುವಾಗ ಅವನಿಗೆ ತುಂಬ ನೋವಾಯ್ತು. ತಪ್ಪು ನನ್ನದು" ಎಂದೆ.

ಅವಳು ಮಗುವಿನ ಕಿವಿ ಮುಟ್ಟಿ ನೋಡಿದಳು. ಬೈಯಲಿಲ್ಲ. "ಯಾಕೆ ಅಂತ ನೀವು ಕೇಳಿದ್ರೆ ಹೇಳ್ತಿದ್ದೆನಲ್ಲ ಮಾವ" ಎಂದಳು ಅಷ್ಟೇ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಾರಿನಲ್ಲಿ ಕುಳಿತು ಅದನ್ನೇ ಯೋಚಿಸಿದೆ. ಆರ್ಡರನ್ನು ಮರಳಿ ಹೇಳುವುದು ನೆನಪಿಗಾಗಿ ಎಂದು ಇಷ್ಟು ವರ್ಷ ತಿಳಿದಿದ್ದೆ, ಹಾಗೆಂದೇ ಹತ್ತಾರು ಜನಕ್ಕೆ ಕಲಿಸಿದ್ದೆ. ಅದು ನೆನಪಿಗಲ್ಲ. ಎದುರಿನವರ ಮಾತು ಒಂದು ಸಲ ನಮ್ಮ ಬಾಯಿಂದ ಬಂದರೆ ಎಲ್ಲಿ ಒಪ್ಪಿಗೆಯಿಲ್ಲವೋ ಅಲ್ಲಿ ನಾಲಗೆ ತಡೆಯುತ್ತದೆ, ಆಗ ಯಾಕೆ ಎಂದು ಕೇಳುತ್ತೇವೆ. ನಾನು ಕೇಳಲಿಲ್ಲ, ಯಾಕೆಂದರೆ ನನಗೆ ಎಲ್ಲ ಗೊತ್ತಿತ್ತು.

ಏರ್‌ಪೋರ್ಟಿನ ಗುಡ್ಡ ಇಳಿದು ಬಜ್ಪೆಯ ತಿರುವುಗಳನ್ನು ದಾಟುವಾಗ, ಡ್ರೈವರನ ಪಕ್ಕದ ಸೀಟಿನಿಂದ ಸುಚಿತ್ರಾ, ರಸ್ತೆಯನ್ನೇ ನೋಡುತ್ತ, "ಮಧ್ಯಾಹ್ನ ಅವನು ಒಂದೂವರೆಗೆ ಮಲಗ್ತಾನೆ" ಎಂದಳು.

ಯಾಕೆ ಹೇಳಿದಳು ಎಂದು ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಅದು ಜೂನ್‌ನಿಂದ ನನ್ನ ಪಾಲಿಗೆ ಬರುವ ಮಧ್ಯಾಹ್ನಗಳ ಆರ್ಡರು. ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತು, "ಮಧ್ಯಾಹ್ನ ಒಂದೂವರೆಗೆ ಮಲಗ್ತಾನೆ" ಎಂದೆ.

"ಎದ್ದ ಕೂಡ್ಲೆ ತಿನ್ಲಿಕ್ಕೆ ಕೊಡ್ಬಾರ್ದು. ಇಪ್ಪತ್ತು ನಿಮಿಷ ಆಗ್ಬೇಕು."

"ಎದ್ದ ಕೂಡಲೆ ತಿನ್ನಲಿಕ್ಕೆ ಕೊಡಬಾರದು. ಇಪ್ಪತ್ತು ನಿಮಿಷ..." ನಾಲಗೆ ತಡೆಯಿತು. "ಯಾಕೆ?"

ಸುಚಿತ್ರಾ ಕುತ್ತಿಗೆಯನ್ನು ನಿಧಾನವಾಗಿ ಹೊರಳಿಸಿ ನನ್ನನ್ನು ನೋಡಿದಳು. ಆ ದಿನ ನನ್ನ ಕಡೆ ಹೊರಳಿದ ಕುತ್ತಿಗೆಗಳಲ್ಲಿ ಅದೇ ಕೊನೆಯದು. "ಅರ್ಧ ನಿದ್ದೆಯಲ್ಲಿ ಅವನು ಜಗಿಯುದಿಲ್ಲ ಮಾವ. ಒಮ್ಮೆ ಗಂಟಲಿಗೆ ಸಿಕ್ಕಿತ್ತು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ನಿಮಗೆಲ್ಲ ಹೇಳ್ಲಿಲ್ಲ" ಎಂದಳು. ಅವಳು ಅಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದ ಹೆದರಿಕೆ ಅದು. ಕೇಳಿದ ಮೇಲೆ ಹದಿನಾಲ್ಕು ಸೂಚನೆ ನನಗೆ ಕಡಿಮೆಯೇ ಎನ್ನಿಸಿತು.

ಈಗ ಜುಲೈ. ಫ್ರಿಜ್ಜಿನ ಮ್ಯಾಗ್ನೆಟ್ಟಿನಡಿ ಡೇ ಕೇರ್‌ನ ಫಾರಂ ಇಲ್ಲ, ಸುಚಿತ್ರಾಳ ಅಕ್ಷರದ ಇನ್ನೊಂದು ಕಾಗದವಿದೆ. ಪ್ರತಿ ಸಾಲಿನ ಮುಂದೆಯೂ 'ಯಾಕೆ' ಎಂಬುದಕ್ಕೆ ಉತ್ತರವನ್ನು ನಾನೇ ಕೇಳಿ ಬರೆದುಕೊಂಡಿದ್ದೇನೆ. ಧೀರಜ ಈಗಷ್ಟೇ ಎದ್ದು ಕುರ್ಚಿಯೇರಿ ಕುಳಿತಿದ್ದಾನೆ. ಮೇಜಿನ ಮೇಲೆ ಬಿಸಿ ಬನ್ಸ್ ಇದೆ, ಅವನು ಅದನ್ನು ನೋಡುತ್ತಾನೆ, ನನ್ನನ್ನು ನೋಡುತ್ತಾನೆ, ತಟ್ಟೆ ಬಡಿಯುತ್ತಾನೆ. ನಾನು ಗಡಿಯಾರ ನೋಡುತ್ತೇನೆ. ಹನ್ನೊಂದು ನಿಮಿಷವಾಗಿದೆ, ಇನ್ನೂ ಒಂಬತ್ತು ಬಾಕಿ. ಮೂವತ್ತನಾಲ್ಕು ವರ್ಷದಲ್ಲಿ ಬಿಸಿ ತಿಂಡಿಯನ್ನು ಎದುರಿಗಿಟ್ಟುಕೊಂಡು ಯಾವ ಗಿರಾಕಿಯನ್ನೂ ನಾನು ಇಷ್ಟು ಹೊತ್ತು ಕಾಯಿಸಿದವನಲ್ಲ.